ಮೇನ್‌ಸ್ವಿಚ್ಚಿನ ಇನ್ನಾಸಪ್ಪ

ಭಾನುವಾರದ ಪೂಜೆಗೆ ಬರುವಾಗಲೂ ಇನ್ನಾಸಪ್ಪನವರ ಜೇಬಿನಲ್ಲಿ ಟೆಸ್ಟರ್ ಇರುತ್ತಿತ್ತು. ಜಪಸರ ಮರೆತು ಬಂದಾರು, ಟೆಸ್ಟರ್ ಮರೆಯರು. ಲೈನ್‌ಮನ್ ಕೆಲಸದಿಂದ ನಿವೃತ್ತರಾದ ಮೇಲಂತೂ ಹೊಳೆನರಸೀಪುರದ ನಮ್ಮ ಚರ್ಚಿನ ಟ್ಯೂಬ್‌ಲೈಟು, ಫ್ಯಾನು, ಮೈಕು, ಕ್ರಿಸ್‌ಮಸ್ಸಿನ ಸೀರಿಯಲ್ ಸೆಟ್ಟು ಎಲ್ಲಕ್ಕೂ ಅವರದೇ ಯಜಮಾನಿಕೆ. ಗುರುಗಳ ಪ್ರವಚನ ಉದ್ದವಾದರೆ ಫ್ಯಾನು ಜೋರು ಮಾಡಿ ಅವರ ಹಾಳೆ ಹಾರಿಸುತ್ತಾರೆ ಎಂಬ ಅಪವಾದವೂ ಇತ್ತು. ಅದು ಸುಳ್ಳೆಂದು ನಾನು ಹೇಳಲಾರೆ.

ಇಂಥವರೇ ಒಮ್ಮೆ ಕರೆಂಟಿಗೆ ಅಡ್ಡ ನಿಂತರು. ಆ ಬೇಸಿಗೆಯಲ್ಲಿ ಫ್ಯಾನಿನ ಗಾಳಿಗೆ ಮೇಣದಬತ್ತಿ ವಾಲಿ, ಬಲಿಪೀಠದ ಬಟ್ಟೆ ಅಂಗೈಯಗಲ ಸುಟ್ಟಿತ್ತು. ಹೊಸ ಗುರುಗಳು ಸಭೆ ಕರೆದು, ಮೇಣದ ಬದಲು ಬಲ್ಬಿನ ಬತ್ತಿ ತರೋಣ ಎಂದರು. ನಿಜವಾದ ಉರಿಯೇ ಇರಬೇಕೆಂಬ ನಿಯಮವಿದೆಯಲ್ಲ ಎಂದು ಯಾರೋ ಗೊಣಗಿದರು. "ನಿಯಮ ನನಗೂ ಗೊತ್ತು. ಗುಡಿಯೇ ಹೊತ್ತಿಕೊಂಡರೆ?" ಎಂದರು ಗುರುಗಳು. ಬೆಳಕು ಯಾವುದಾದರೇನು ಎಂದು ನಾವೆಲ್ಲ ತಲೆಯಾಡಿಸಿದೆವು.

ಇನ್ನಾಸಪ್ಪ ಎದ್ದರು. "ಅಳೇಕೋಟೆ ಕಡೆ ಅಳ್ಳಿಗೆಲ್ಲ ಕರೆಂಟು ಎಳ್ದಿವ್ನಿ ಸ್ವಾಮ್ಗೋಳೆ. ಈ ಗುಡೀಲಿರೋ ಲೈಟೆಲ್ಲಾ ನಾನು ಆರ್ಸುದ್ರೆ ಆರ್ತವೆ. ನನ್ ಸ್ವಿಚ್ಚಿಗೆ ಸಿಗ್ದೇ ಇರೋ ದೀಪ ಅಲ್ಲೊಂದಾದ್ರೂ ಇರ್ಲಿ."

"ಹಾಗಾದರೆ ಫ್ಯಾನು ನಿಲ್ಲಿಸಬೇಕು. ಸೆಕೆಗೇನು ಮಾಡ್ತೀರಿ?" ಎಂದರು ಗುರುಗಳು.

"ಬೇಯೋನು ನಾನು ಬೇಯ್ತೀನಿ, ಬುಡಿ."

ಮುಂದಿನ ಭಾನುವಾರ ಬಲಿಪೀಠದ ಹತ್ತಿರದ ಎರಡು ಫ್ಯಾನುಗಳ ವೈರು ಬಿಚ್ಚಿತ್ತು. ಅವುಗಳ ಕೆಳಗಿನ ಬೆಂಚಿನಲ್ಲಿ ಇನ್ನಾಸಪ್ಪ ಒಬ್ಬರೇ ಅಂಗಿ ಒದ್ದೆ ಮಾಡಿಕೊಂಡು ಕೂತಿದ್ದರು. ಬತ್ತಿ ಅಲುಗಲಿಲ್ಲ. ಮೂರನೆಯ ವಾರಕ್ಕೆ ಗುರುಗಳು ಬಲ್ಬಿನ ಮಾತು ಬಿಟ್ಟರು.

ಇನ್ನಾಸಪ್ಪನವರ ಮೇಲೆ ನಮಗಿದ್ದ ದೂರು ಒಂದೇ. ಈಸ್ಟರಿನ ಹಿಂದಿನ ರಾತ್ರಿ ಗುಡಿಯ ಲೈಟೆಲ್ಲ ಆರಿಸಿ, ಹೊರಗೆ ಹೊತ್ತಿಸಿದ ಹೊಸ ಬೆಂಕಿಯನ್ನು ದೊಡ್ಡ ಮೇಣದಬತ್ತಿಯಲ್ಲಿ ಒಳಗೆ ತಂದು, ಅದರಿಂದ ಒಬ್ಬರಿಗೊಬ್ಬರು ಬತ್ತಿ ಹೊತ್ತಿಸಿಕೊಳ್ಳುತ್ತೇವೆ. ಮಹಿಮೆಯ ಹಾಡಿಗೆ ಗಂಟೆ ಹೊಡೆದೊಡನೆ ಪಕ್ಕದ ಕೋಣೆಯಲ್ಲಿ ನಿಂತ ಇನ್ನಾಸಪ್ಪ ಮೇನ್‌ಸ್ವಿಚ್ ಹಾಕಬೇಕು. ಪ್ರತಿವರ್ಷವೂ ತಡ. ಹಾಡು ಅರ್ಧವಾದ ಮೇಲೆ ಲೈಟು.

"ನಿದ್ದೆ ಬಂದ್ಬುಟ್ಟಿತ್ತಾ ಮಾವ?" ಎಂದು ನಾನು ರೇಗಿಸುತ್ತಿದ್ದೆ.

"ಊಂ ಕಣವ್ವ, ವಯಸ್ಸಾಯ್ತಲ್ಲ" ಎನ್ನುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹಾಡುವವರ ಸಾಲಿನಲ್ಲಿ ಆ ಕೋಣೆಯ ಬಾಗಿಲಿಗೆ ಹತ್ತಿರ ಕೂರುವವಳು ನಾನೇ ಆದ್ದರಿಂದ ಈ ವರ್ಷ ಮೇನ್‌ಸ್ವಿಚ್ ನನ್ನ ಪಾಲಿಗೆ ಬಂತು. ಆರಿಸಿ, ಕತ್ತಲಲ್ಲಿ ನಿಂತು ಬಾಗಿಲ ಸಂದಿಯಿಂದ ನೋಡಿದೆ. ದೂರದಲ್ಲಿ ಒಂದು ಉರಿ, ಆಮೇಲೆ ನಾಲ್ಕು, ಆಮೇಲೆ ಬೆಂಚು ಬೆಂಚೇ ಹೊತ್ತಿಕೊಂಡಿತು. ಇಷ್ಟು ವರ್ಷ ಅದರ ನಡುವೆಯೇ ಕೂತಿದ್ದ ನಾನು ಅಷ್ಟೂ ಮುಖಗಳನ್ನು ಒಟ್ಟಿಗೆ ಕಂಡಿರಲಿಲ್ಲ. ಇಷ್ಟನ್ನೂ ಒಬ್ಬನೇ ನೋಡಿಕೊಂಡಿದ್ದ ಆ ಮುದುಕನ ಮೇಲೆ ಹೊಟ್ಟೆಕಿಚ್ಚಾಯಿತು, ಅಳುವೂ ಬಂತು. ಗಂಟೆ ಹೊಡೆಯಿತು. ಹಾಡು ಶುರುವಾಯಿತು. ಸ್ವಿಚ್ ಹಾಕಲು ಕೈ ಏಳಲಿಲ್ಲ.

ಪೂಜೆ ಮುಗಿದ ಮೇಲೆ ಗುರುಗಳು, "ಯಾಕಮ್ಮಾ, ಲೈಟು ಅಷ್ಟು ತಡವಾಯ್ತು?" ಎಂದು ಕೇಳಿದರು.

"ನಿದ್ದೆ ಬಂದಿತ್ತು ಸ್ವಾಮಿ" ಎಂದೆ.