ಹೇಳಿದವರ ಹೆಸರಿಗೊಂದು ಕಾಲಂ

ಮಂಗಳೂರಿನಲ್ಲಿ ಇಂಗ್ಲಿಷ್ ಕಲಿಸಿದವರು ಅನೇಕರಿದ್ದಾರೆ; ಆದರೆ ಪುಸ್ತಕದ ಕೊನೆಯ ಪುಟಗಳಿಂದ ಪಾಠ ಆರಂಭಿಸಿದವರು ಶ್ರೀಮತಿ ತೆರೆಸಾ ಲೋಬೊ ಒಬ್ಬರೇ ಇರಬೇಕು. ಕಂಕನಾಡಿಯ ನರ್ಸಿಂಗ್ ಶಾಲೆಯೊಂದರಲ್ಲಿ ಮೂವತ್ತಮೂರು ವರ್ಷ ಅಧ್ಯಾಪಕಿಯಾಗಿದ್ದು ಈ ಮೇ ತಿಂಗಳಲ್ಲಿ ನಿವೃತ್ತರಾದ ಅವರು ಪ್ರತಿವರ್ಷ ಮೊದಲು ತೆರೆಯುತ್ತಿದ್ದುದು ಗ್ಲಾಸರಿಯನ್ನು, ಎಂದರೆ ಹಿಂಬದಿಯ ಪದ, ಅರ್ಥಗಳ ಪಟ್ಟಿಯನ್ನು. ಡಿಕ್ಷನರಿ ಊರಿಗೆಲ್ಲ ಸೇರಿದ್ದು, ಗ್ಲಾಸರಿ ಒಂದು ಪುಸ್ತಕಕ್ಕೋ ಒಂದು ಕಸುಬಿಗೋ ಸೇರಿದ್ದು. ಹಡಗಿನವರಿಗೆ ಒಂದು, ವಕೀಲರಿಗೆ ಒಂದು, ಅಡುಗೆಯವರಿಗೆ ಇನ್ನೊಂದು ಎಂದು ಇಂಗ್ಲಿಷಿನವರು ಆ ಪದವನ್ನು ಬಳಸುವ ಬಗೆಯನ್ನು ಅವರು ವಿವರಿಸತೊಡಗಿದರೆ, ಊಟದ ಗಂಟೆ ಹೊಡೆದರೂ ಯಾರೂ ಏಳುತ್ತಿರಲಿಲ್ಲವಂತೆ.

ಸೇವೆಗೆ ಸೇರಿದ ವರ್ಷವೇ, ಇಂಗ್ಲಿಷಿಗೆ ಹೆದರಿ ಊರಿಗೆ ಹೊರಟುನಿಂತಿದ್ದ ಮೆರ್ಲಿನ್ ಎಂಬ ವಿದ್ಯಾರ್ಥಿನಿಯ ಕೈಗೆ ಅವರು ಖಾಲಿ ಪುಸ್ತಕವನ್ನಿತ್ತು, ಆಕೆಯ ತಂದೆಯ ಬಡಗಿ ಕೆಲಸದ ಹತ್ತು ಮಾತುಗಳನ್ನು ಬರೆದು ತರಹೇಳಿದರು. ಮರುದಿನ ಆ ಹತ್ತನ್ನು ತರಗತಿಗೆ ಇಂಗ್ಲಿಷಿನಲ್ಲಿ ವಿವರಿಸಿದವರು ಮೆರ್ಲಿನ್. ಇಂದು ಕುವೈಟಿನಲ್ಲಿ ಹಿರಿಯ ನರ್ಸ್ ಆಗಿರುವ ಅವರು ಆ ಪುಸ್ತಕವನ್ನು ಈಗಲೂ ಇಟ್ಟುಕೊಂಡಿದ್ದಾರೆ.

ಹೊರರಾಜ್ಯಗಳ ವಿದ್ಯಾರ್ಥಿನಿಯರು ಹೆಚ್ಚತೊಡಗಿದಂತೆ ತೆರೆಸಾ ಅವರಿಗೆ ಹೊಸ ಚಿಂತೆ ಹುಟ್ಟಿತು. ಹೊಟ್ಟೆನೋವಿಗೆ ತುಳುವಿನಲ್ಲಿ ‘ಬಂಜಿ ಬೇನೆ’, ಕೊಂಕಣಿಯಲ್ಲಿ ‘ಪೊಟ್ ದುಕ್ತಾ’ ಎಂದು ರೋಗಿ ನರಳಿದರೆ ಈ ಮಕ್ಕಳಿಗೆ ತಿಳಿಯುವುದು ಹೇಗೆ? ನೋವಿನ ಮಾತುಗಳದೇ ಒಂದು ಗ್ಲಾಸರಿ ಬೇಕೆಂದು ಎಂಟು ವರ್ಷ ಅವರು ಶಾಲೆಯ ಆಸ್ಪತ್ರೆಯ ವಾರ್ಡುಗಳಲ್ಲಿ ತಿರುಗಿದರು. ಹೆಚ್ಚಿನ ಮಾತುಗಳನ್ನು ಕೊಟ್ಟವರು ಹೆಂಗಸರ ವಾರ್ಡಿನ ಆಯಾ ಆಸ್ಯಮ್ಮ. ಓದು ಬಾರದವರು, ಬ್ಯಾರಿ, ತುಳು, ಕೊಂಕಣಿ ಮೂರನ್ನೂ ನೀರು ಕುಡಿದಷ್ಟು ಸುಲಭವಾಗಿ ಆಡುವವರು.

ಮುಂದಿನದನ್ನು ಆಗ ಅಲ್ಲಿದ್ದ ಮೂವರು ಹೇಳಿದ್ದಾರೆ. ವಿವರಗಳಲ್ಲಿ ವ್ಯತ್ಯಾಸವಿದ್ದರೂ ತಿರುಳು ಒಂದೇ. ಕರಡಿನ ಜೆರಾಕ್ಸ್ ಪ್ರತಿಯನ್ನು ತೆರೆಸಾ ಉತ್ಸಾಹದಿಂದ ಆಸ್ಯಮ್ಮನಿಗೆ ಓದಿ ಹೇಳಿದರು. ಕೊನೆಯಲ್ಲಿದ್ದ ಕೃತಜ್ಞತೆ ‘ವಾರ್ಡಿನ ಸಿಬ್ಬಂದಿಗೆ’ ಎಂದಷ್ಟೇ ಇತ್ತು.

“ಎಂತ ಟೀಚರೇ, ನಾನು ಹೇಳಿದ್ದೆಲ್ಲ ಉಂಟು, ನಾನು ಮಾತ್ರ ಇಲ್ಲವಾ?” ಎಂದರು ಆಸ್ಯಮ್ಮ.

ನಗುತ್ತಲೇ ಕೇಳಿದ ಆ ಮಾತು ತೆರೆಸಾ ಅವರ ಎದೆಗೆ ನೇರವಾಗಿ ತಾಗಿತು. ತಪ್ಪು ತಮ್ಮದು; ಆಸ್ಯಮ್ಮನೋ ತಿಂಗಳ ಕೊನೆಗೆ ನಿವೃತ್ತರಾಗುವವರು. ಅಷ್ಟರೊಳಗೆ ಅವರ ಹೆಸರು ಅಚ್ಚಾಗುತ್ತದೆಂದು ಮಾತು ಕೊಟ್ಟು, ಪದ, ಅರ್ಥಗಳ ಪಕ್ಕದಲ್ಲಿ ಹೇಳಿದವರ ಹೆಸರಿಗೆ ಮೂರನೆಯ ಕಾಲಂ ಎಳೆದರು.

ಅಡ್ಡಿ ಬಂದದ್ದು ಅವರ ಹಳೆಯ ಶಿಷ್ಯನಿಂದಲೇ. ಶಾಲೆಯ ಆಡಳಿತ ನೋಡುತ್ತಿದ್ದ ಡೆನ್ಜಿಲ್, ಅಚ್ಚಿಗೆ ಹೋಗುವ ಹಿಂದಿನ ದಿನ ಆ ಕಾಲಮಿಗೆ ಪೆನ್ಸಿಲಿನಿಂದ ಗೀಟು ಹಾಕಿದರು. “ಮಿಸ್, ಇಂಗ್ಲಿಷಲ್ಲಿ ಗ್ಲಾಸರಿ ಅಂದ್ರೆ ಪದ, ಅರ್ಥ, ಅಷ್ಟೇ ಅಲ್ವಾ? ಇದು ಮದುವೆ ಕಾಗದದ ಹಾಗೆ ಆಯ್ತು.”

“ಮದುವೆ ಕಾಗದದಲ್ಲಿ ಹೆಸರು ಬಿಟ್ರೆ ಎಂತ ಆಗ್ತದೆ ಗೊತ್ತುಂಟಲ್ಲ ಮಾರಾಯ?” ಎಂದ ತೆರೆಸಾ, ಮರುದಿನ ಬೆಳಿಗ್ಗೆ ಎರಡು ತರಕಾರಿ ಚೀಲಗಳ ತುಂಬ ಇಂಗ್ಲಿಷ್ ಪುಸ್ತಕಗಳನ್ನು ತಂದು ಮೇಜಿನ ಮೇಲೆ ಸುರಿದರು. ಎಲ್ಲದರ ಹಿಂದೆಯೂ ಗ್ಲಾಸರಿಯಿತ್ತು, ಒಂದರಂತೆ ಇನ್ನೊಂದಿರಲಿಲ್ಲ. ಒಂದರಲ್ಲಿ ಹಾಯಿಗಳ ಚಿತ್ರ, ಒಂದರಲ್ಲಿ ಉಚ್ಚಾರ, ಒಂದರಲ್ಲಿ ಪುಟಸಂಖ್ಯೆ. ಹಳ್ಳಿಮಾತುಗಳದ್ದರಲ್ಲಿ ಯಾವ ಊರಿನವರು ಹಾಗೆ ಹೇಳುತ್ತಾರೆ ಎಂಬುದು.

“ಓದುವವರಿಗೆ ಯಾವುದು ಬೇಕೋ ಅದನ್ನು ಇಂಗ್ಲಿಷಿನವರೂ ಹಾಕ್ತಾರೆ. ಸಂಶಯ ಬಂದ್ರೆ ನಮ್ಮ ನರ್ಸ್ ಯಾರನ್ನು ಕೇಳುವುದು? ಅದಕ್ಕೆ ಹೆಸರು ಬೇಕು,” ಎಂದರು.

ಡೆನ್ಜಿಲ್ ಪುಸ್ತಕಗಳನ್ನು ಒಂದೊಂದಾಗಿ ತಿರುವಿ ನೋಡಿ, ಗೀಟನ್ನು ತಾವೇ ಅಳಿಸಿದರು.

ಆಸ್ಯಮ್ಮನ ಬೀಳ್ಕೊಡುಗೆಯ ದಿನವೇ ಮುನ್ನೂರು ಪ್ರತಿಗಳು ಬಂದವು. ಚಹಾ ಮುಗಿದ ಮೇಲೆ ತಮ್ಮ ಹೆಸರಿರುವುದನ್ನೆಲ್ಲ ತೆರೆಸಾ ಓದಿ ಹೇಳಬೇಕೆಂದು ಆಸ್ಯಮ್ಮ ಹಟ ಹಿಡಿದರು. ನಲವತ್ತೊಂದು ಮಾತುಗಳು. ಒಂದೊಂದಕ್ಕೂ ತಲೆಯಾಡಿಸುತ್ತಿದ್ದವರು, ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚುವ ನೋವಿನ ಮಾತು ಬಂದಾಗ ಕೈ ಎತ್ತಿದರು.

“ಇದು ನನ್ನದಲ್ಲ ಟೀಚರೇ. ಏಳನೇ ಮಂಚದಲ್ಲಿ ಕಿನ್ನಿಯಕ್ಕ ಅಂತ ಇದ್ರು, ತೀರಿಹೋದ್ರು. ನಾನು ಕಲಿತದ್ದು ಅವರಿಂದ. ಅವರ ಹೆಸರು ಹಾಕಿ.”

ಅಚ್ಚಾದ ಪುಸ್ತಕದಲ್ಲಿ ತಪ್ಪು ಸಿಕ್ಕಿದ್ದಕ್ಕೆ ತೆರೆಸಾ ಅವರಷ್ಟು ಸಂತೋಷಪಟ್ಟವರನ್ನು ಆ ಕೋಣೆಯಲ್ಲಿದ್ದವರು ಹಿಂದೆಂದೂ ಕಂಡಿರಲಿಲ್ಲ. ಅವರು ಪೆನ್ನು ತೆಗೆದು ಅಲ್ಲೇ ಕುಳಿತರು. ಅರ್ಧ ರಾಶಿಯನ್ನು ಡೆನ್ಜಿಲ್ ತಮ್ಮ ಕಡೆಗೆ ಎಳೆದುಕೊಂಡರು. ಮುನ್ನೂರು ಪ್ರತಿಗಳಲ್ಲೂ ಆ ಸಾಲಿನಲ್ಲಿ ಆಸ್ಯಮ್ಮನ ಹೆಸರನ್ನು ಹೊಡೆದು, ‘ಕಿನ್ನಿ, ಏಳನೇ ಮಂಚ’ ಎಂದು ಕೈಯಿಂದ ಬರೆದದ್ದು ಇಂದಿಗೂ ಕಾಣುತ್ತದೆ.

ನಿವೃತ್ತಿಯ ಮರುವಾರವೇ ತೆರೆಸಾ ಅವರು ಫಳ್ನೀರಿನ ಮನೆಯಿಂದ ಮತ್ತೆ ವಾರ್ಡಿಗೆ ನಡೆದಿದ್ದಾರೆ. ಎರಡನೆಯ ಆವೃತ್ತಿ ಸಿದ್ಧವಾಗುತ್ತಿದೆ, ಜೊತೆಗೆ ಆಸ್ಯಮ್ಮನೂ ಇದ್ದಾರೆ. ಇನ್ನೂ ಹೆಸರು ಸೇರಬೇಕಾದ ಪ್ರತಿಯೊಬ್ಬರ ಮಂಚದ ಬಳಿಗೂ ಹೋಗಿ ಕೂರುವಷ್ಟು ಆಯುರಾರೋಗ್ಯ ಈ ಇಬ್ಬರಿಗೂ ದೊರೆಯಲಿ.