ಚೀಟಿ ಟೀಚರ್

ಮೂರನೇ ಕ್ಲಾಸಿನ ಮಕ್ಕಳು ಊಟದ ಡಬ್ಬಿ ಖಾಲಿ ಮಾಡಿದರೆ ಸಾಲದು, ಅದನ್ನು ತುಂಬಿ ಕಳಿಸಿದವರಿಗೆ ಒಂದು ಚೀಟಿ ಬರೆದು ಒಳಗಿಟ್ಟೇ ಮನೆಗೆ ಹೋಗಬೇಕು. ಇದು ಚೀಟಿ ಟೀಚರ್ ಮಾಡಿದ ಕಾನೂನು. ಬರೀ ಥ್ಯಾಂಕ್ಸ್ ಅಂತ ಗೀಚಿದರೆ ನಡೆಯುವುದಿಲ್ಲ. "ಯಾತಕ್ಕೆ ಅಂತ ಬರಿ. ಸುಮ್ಮನೆ ಥ್ಯಾಂಕ್ಸ್ ಅನ್ನೋಕೆ ಗಿಳಿಗೂ ಬರುತ್ತೆ" ಅನ್ನುತ್ತಾರೆ. ಹಾಗಾಗಿ, "ಅಪ್ಪಾ, ಹಾಗಲಕಾಯಿ ಚೆನ್ನಾಗಿರಲಿಲ್ಲ, ಆದ್ರೆ ಸ್ವಲ್ಪಾನೇ ಹಾಕಿದ್ದಕ್ಕೆ ಥ್ಯಾಂಕ್ಸ್" ಎಂಬಂಥ ಚೀಟಿಗಳು ಮನೆಮನೆ ತಲುಪಿವೆ. ಈ ಟೀಚರ್ ನೋಡುತ್ತಿದ್ದಾರೆಂದರೆ ಹೆಡ್‌ಮಾಸ್ಟರು ಕೂಡ ಕಸ ಗುಡಿಸುವಾಕೆಗೆ ಥ್ಯಾಂಕ್ಸ್ ಹೇಳಿಯೇ ಮುಂದಿನ ಹೆಜ್ಜೆ ಇಡುತ್ತಾರೆ. ಇಲ್ಲದಿದ್ದರೆ ಆಮೇಲೆ ಟೀಚರ್ ನೋಟ ತಡೆದುಕೊಳ್ಳುವವರು ಯಾರು? ತಮ್ಮ ಡಬ್ಬಿಯಲ್ಲೂ ಟೀಚರ್ ದಿನಾ ಒಂದು ಚೀಟಿ ಇಡುತ್ತಾರೆ. ಆ ಡಬ್ಬಿ ತುಂಬುವವರು ಅವರ ಅತ್ತೆ. ಸಂಜೆ ಮುಚ್ಚಳ ತೆಗೆದರೆ ಸಾಕು, ಅತ್ತೆಯ ಗೊಣಗಾಟ ಶುರು: "ಮನೆಯವರಿಗೆ ಥ್ಯಾಂಕ್ಸ್ ಏನೇ? ನಾನೇನು ಹೊರಗಿನವಳಾ? ನಿನ್ನ ಪಾಠ ಎಲ್ಲ ಸ್ಕೂಲಲ್ಲೇ ಇಟ್ಕೋ." ಹನ್ನೊಂದು ವರ್ಷದಿಂದ ಇದೇ ರಾಗ. ಕೇಳಿ ಕೇಳಿ ಸಾಕಾಗಿ, ಕಳೆದ ಶನಿವಾರ ಟೀಚರ್ "ಆಯ್ತು ಅತ್ತೆ, ಇನ್ಮೇಲೆ ಬರೆಯಲ್ಲ ಬಿಡಿ" ಅಂದುಬಿಟ್ಟರು. ಮರುದಿನ ಭಾನುವಾರ, ಮಧ್ಯಾಹ್ನ ಎಲ್ಲರಿಗೂ ತಟ್ಟೆಯಲ್ಲಿ ಬಡಿಸಿದ ಅತ್ತೆ ಸೊಸೆಯ ಮುಂದೆ ಮಾತ್ರ ಆ ಸ್ಕೂಲಿನ ಡಬ್ಬಿಯನ್ನೇ ತುಂಬಿ, ಮುಚ್ಚಳ ಹಾಕಿ ತಂದಿಟ್ಟರು. "ತಟ್ಟೆ ಸಾಲಲಿಲ್ಲ ಕಣೇ" ಎಂದರು, ಬೇರೆಲ್ಲೋ ನೋಡುತ್ತಾ. ಅವರ ಬೆನ್ನ ಹಿಂದೆ ಸ್ಟ್ಯಾಂಡಿನಲ್ಲಿ ಆರು ತಟ್ಟೆ ತೊಳೆದಿಟ್ಟ ಹಾಗೇ ಇದ್ದವು.