ದಂಡೋತಿ ಸೇತುವೆಯ ಪೆಟ್ಟಿಗೆ

ಆ ಮಳೆಗಾಲದಲ್ಲಿ ಲುಂಬಿನಿ ಒಂದು ಕಡೆ ಕೂತದ್ದನ್ನು ವಾಡಿಯ ಓಣಿಯಲ್ಲಿ ಯಾರೂ ನೋಡಲಿಲ್ಲ. ಹೊಳೆಯ ನೀರು ಅಳೆಯುವ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವುದು ಅವಳ ಕೆಲಸ. ಕಾಗಿಣಾ ಹೊಳೆಯ ಮೇಲೆ, ದಂಡೋತಿ ಸೇತುವೆಗೆ ಹಾಕಿದ್ದ ಪೆಟ್ಟಿಗೆ ಆಗಾಗ ಹಿಂದಿನ ಅಳತೆಯನ್ನೆಲ್ಲ ಮರೆತು ಕೂಡುತ್ತಿತ್ತು.

ಹೊಳೆದಂಡೆಯ ಪಂಪ್‌ಸೆಟ್ಟುಗಳನ್ನು ಕಾಯುವ ಹಣಮಪ್ಪ ಫೋನ್ ಮಾಡಿದ. "ಯವ್ವಾ, ನಿನ್ ಪೆಟಗಿ ಮತ್ತ ಬಾಯಿ ಮುಚ್ಕೊಂಡು ಕುಂತದ. ಹೊಳಿ ಏರಾಕತ್ತದೋ ಇಳ್ಯಾಕತ್ತದೋ ಹ್ಯಾಂಗ್ ತಿಳೀಬೇಕು?"

ಕಂಪನಿಯವರು ಮೆಮೊರಿ ಚಿಪ್ ಕೆಟ್ಟಿದೆ ಎಂದರು. ಲುಂಬಿನಿ ಪೆಟ್ಟಿಗೆಯನ್ನು ಮನೆಗೆ ತಂದು, ಚಿಪ್ಪನ್ನು ಬೇರೆ ಯಂತ್ರದಲ್ಲಿಟ್ಟು ಓದಿದಳು. ಅಳತೆಗಳೆಲ್ಲ ಅಲ್ಲೇ ಇದ್ದವು! ಹಾಗಾದರೆ ತಪ್ಪು ಚಿಪ್ಪಿನದಲ್ಲ. ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರಾದ ಕರ್ನಲ್ ಒಳಗೆ ಆ ಚಿಪ್ಪಿನೊಡನೆ ವ್ಯವಹರಿಸುವ ಡ್ರೈವರ್ ಎಂಬ ಕೋಡಿನದು. ಆದರೆ ಕರೆಂಟು ಹೋದಾಗ ಹೀಗಾಗುತ್ತದೇನೋ ಎಂದು ಎಷ್ಟು ಸಲ ಪ್ಲಗ್ ಕಿತ್ತರೂ ತಪ್ಪು ಕೈಗೆ ಸಿಗಲೊಲ್ಲದು. ಅಂಗಳಕ್ಕೂ ಕಂಪ್ಯೂಟರಿಗೂ ಅಡ್ಡಾಡಿ ಅಡ್ಡಾಡಿ ತಲೆ ಕೆಟ್ಟಿತು.

"ಕುಂದರಬಾರದ? ಚಹಾ ಆರಾಕತ್ತದ," ಎಂದು ಗೊಣಗುತ್ತ ತಾಯಿ ಭೀಮಬಾಯಿ ಚಟ್ನಿಗೆ ಮಿಕ್ಸರ್ ಹಚ್ಚಿದಳು. ಬಲ್ಬು ಮಂಕಾಯಿತು. ಪೆಟ್ಟಿಗೆ ಎಲ್ಲ ಮರೆಯಿತು.

"ಅವ್ವಾ, ಇನ್ನೊಮ್ಮಿ ಹಚ್ಚು!"

"ಹುಚ್ಚ ಹಿಡದದೇನ ನಿನಗ?"

ಕರೆಂಟು ಪೂರ್ತಿ ಹೋದರೆ ತೊಂದರೆಯಿರಲಿಲ್ಲ. ಕ್ಷಣಮಾತ್ರ ಕುಸಿದರೆ ಪ್ರೊಸೆಸರ್ ಹೊಸದಾಗಿ ಶುರುವಾಗುತ್ತಿತ್ತು, ಚಿಪ್ ಮಾತ್ರ ಹೊಸದಕ್ಕೆ ಜಾಗ ಮಾಡಲು ಇನ್ನೂ ಬೇಡವಾದ ಹಳೆಯದನ್ನು ಅಳಿಸುತ್ತಲೇ ಇರುತ್ತಿತ್ತು. ಅದು ಬಿಡುವಾಗುವ ಮೊದಲೇ ಡ್ರೈವರ್ ಓದಲು ಹೋಗಿ, ಸಿಕ್ಕ ಕಸವನ್ನು ನಂಬಿ, ಅಳತೆಗಳಿದ್ದ ಒಳ್ಳೆಯ ಜಾಗವನ್ನೆಲ್ಲ ಕೆಟ್ಟದ್ದೆಂದು ಬಿಟ್ಟುಬಿಡುತ್ತಿತ್ತು. ದಂಡೋತಿಯಲ್ಲಿ ಪಂಪ್‌ಸೆಟ್ಟು ಚಾಲೂ ಆದಾಗಲೆಲ್ಲ ಆಗುತ್ತಿದ್ದದ್ದು ಇದೇ.

ಲುಂಬಿನಿ ಓದುವ ಮೊದಲು ಡ್ರೈವರ್ ಕಾಯುವ ಹೊತ್ತನ್ನು ಅವಸರದಲ್ಲಿ ಹೆಚ್ಚಿಸಿ, ಕರ್ನಲ್ ನೋಡಿಕೊಳ್ಳುವವರಿಗೆ ತಿದ್ದುಪಡಿ ಕಳಿಸಿದಳು. ಅವರು ತಿರಸ್ಕರಿಸಿದರು: ಅಂದಾಜಿನ ಮೇಲೆ ಕಾಯಬೇಡ, ಮುಗಿಯಿತೇ ಎಂದು ಚಿಪ್ಪನ್ನೇ ಕೇಳು. ಅವಳಿಗೆ ಮೈಯೆಲ್ಲ ಉರಿಯಿತು. ಮರುದಿನ ಅವರ ಉತ್ತರವನ್ನು ಮತ್ತೆ ಓದಿದರೆ, ಅವರ ಮಾತೇ ಸರಿಯಿತ್ತು. ಹಾಗೆಯೇ ಬರೆದಳು, ಒಪ್ಪಿಕೊಂಡರು.

ಪೆಟ್ಟಿಗೆ ಹೊತ್ತು ದಂಡೋತಿಗೆ ಹೋದಾಗ ಹೊಳೆ ಕೆಂಪಗೆ ತುಂಬಿತ್ತು. ಜೋಡಿಸಿ, ಒಂದಿಷ್ಟು ಅಳತೆಗಳು ಸೇರಲೆಂದು ತಾಸು ಕಾದ ಮೇಲೆ ಹಣಮಪ್ಪ ಮೋಟಾರು ಹಚ್ಚಿದ. ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಆ ತಾಸಿನ ಅಳತೆಗಳೆಲ್ಲ ಒಂದರ ಕೆಳಗೊಂದು ಮೂಡಿದವು.

"ಕಾಕಾ, ಏರಾಕತ್ತದ! ಭಾಳ ಜೋರ್ ಏರಾಕತ್ತದ. ಮೋಟಾರ್ ತಗೀರಿ!"

ಹಣಮಪ್ಪ ಕೂಗು ಹಾಕಿದ. ಜನ ಓಡಿ ಬಂದು ಮೋಟಾರುಗಳನ್ನು ದಿಬ್ಬಕ್ಕೆ ಎಳೆದರು. ಸಂಜೆಗೆ ಆ ದಂಡೆಯ ಮೇಲೆ ನೀರು ಹರಿಯುತ್ತಿತ್ತು.

"ರೊಟ್ಟಿ ತಿಂದು ಹೋಗವ್ವಾ," ಎಂದ ಹಣಮಪ್ಪ.

"ಇನ್ನೊಮ್ಮಿ ಬರ್ತೀನಿ ಕಾಕಾ. ಶಹಾಬಾದ ಕಡೀ ಪೆಟಗ್ಯಾಗ ಇನ್ನಾ ಹಳೀ ಕೋಡೇ ಅದ," ಎನ್ನುತ್ತ ಲುಂಬಿನಿ ಸ್ಕೂಟರ್ ಚಾಲೂ ಮಾಡಿದಳು.